ಪೆಟ್ಟಿಗೆಯಲ್ಲಿ ಸಿಗದ ಸೈನ್ಯ

1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ‘ವೈಟ್ ಡ್ವಾರ್ಫ್’ ಪತ್ರಿಕೆ ಖಾಲಿ ಡಿಯೋಡರೆಂಟ್ ಡಬ್ಬಿಯಿಂದ ಯುದ್ಧ ಟ್ಯಾಂಕ್ ಮಾಡುವುದು ಹೇಗೆಂದು ತನ್ನ ಓದುಗರಿಗೆ ಹೇಳಿಕೊಟ್ಟಿತು. ಕಂಕುಳಿಗೆ ಹಚ್ಚುವ ಕಡ್ಡಿ ಸವೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಡಬ್ಬಿಯನ್ನು ಅಡ್ಡ ಮಲಗಿಸುವುದು, ಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡುಗಳನ್ನು ಅಂಟಿಸುವುದು, ಬೇರೆ ಮಾದರಿಗಳಿಂದ ಕಿತ್ತ ಫಿರಂಗಿಯನ್ನು ಜೋಡಿಸಿ ಬಣ್ಣ ಬಳಿಯುವುದು. ದೂರದ ಭವಿಷ್ಯದ ಯುದ್ಧಭೂಮಿಯಲ್ಲಿ ನೆಲ ಮುಟ್ಟದೆ ತೇಲುವ ವಾಹನ ಸಿದ್ಧ! ಇದು ಯಾವುದೋ ಬೇಸಿಗೆ ಶಿಬಿರದ ಕಸದಿಂದ ರಸ ಕಾರ್ಯಕ್ರಮವಾಗಿರಲಿಲ್ಲ. ಪತ್ರಿಕೆಯ ಒಡೆಯರಾದ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಎಂಬ ಆಟವನ್ನು ಹೊರತಂದಿತ್ತು. ಆಟದ ನಿಯಮಗಳಲ್ಲಿ ಟ್ಯಾಂಕುಗಳಿದ್ದವು, ಅಂಗಡಿಗೆ ಅವು ಇನ್ನೂ ಬಂದಿರಲಿಲ್ಲ. ಬೇಕಾದವರು ಮಾಡಿಕೊಳ್ಳಲಿ ಎಂಬುದು ಕಂಪನಿಯ ಧೋರಣೆ.

ಅದೇ ಕಂಪನಿ 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ಅತಿದೊಡ್ಡ ನೂರು ಕಂಪನಿಗಳ ಸೂಚ್ಯಂಕವಾದ ಎಫ್‌ಟಿಎಸ್‌ಇ 100ಕ್ಕೆ ಸೇರಿತು. ಈಗ ಅದರ ಆಟದಲ್ಲಿರುವ ಬಹುತೇಕ ಎಲ್ಲದಕ್ಕೂ ಒಂದೊಂದು ಪೆಟ್ಟಿಗೆಯಿದೆ. ಹಾಗಿದ್ದರೂ ಈ ಹವ್ಯಾಸದ ಒಳಗಿನವರು ಮೆಚ್ಚಿ ನಿಂತು ನೋಡುವುದು ಪೆಟ್ಟಿಗೆಯಲ್ಲಿ ಇದ್ದಂತೆಯೇ ಜೋಡಿಸಿದ ಸೈನ್ಯವನ್ನಲ್ಲ. ಕತ್ತರಿಸಿದ್ದು, ತಲೆ ಬದಲಿಸಿದ್ದು, ಮೂರು ಪೆಟ್ಟಿಗೆಗಳಿಂದ ಕದ್ದು ನಾಲ್ಕನೆಯದನ್ನು ಮಾಡಿದ್ದು ಅವರ ಕಣ್ಣು ಸೆಳೆಯುತ್ತದೆ. ಆಟಗಾರರು ಇದಕ್ಕೆ ಕನ್ವರ್ಷನ್ ಎನ್ನುತ್ತಾರೆ. ಹಲವು ಕಿಟ್‌ಗಳನ್ನು ಬೆರೆಸಿದರೆ ಕಿಟ್‌ಬ್ಯಾಶ್, ಬರಿಯ ಹಾಳೆ, ಕಡ್ಡಿ, ಪುಟ್ಟಿಯಿಂದ ಕಟ್ಟಿದರೆ ಸ್ಕ್ರ್ಯಾಚ್‌ಬಿಲ್ಡ್. ಮೇಜಿನ ಮೇಲಿನ ಯುದ್ಧದಾಟದ ಜೀವ ಇರುವುದು ಇಲ್ಲಿಯೇ, ದಾಳ ಉರುಳಿಸುವುದರಲ್ಲಿ ಅಲ್ಲ ಎಂಬುದು ನನ್ನ ಎಣಿಕೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಅದರ ಮೇಲೆ ಗುಡ್ಡ, ಪಾಳುಗೋಡೆ, ಮರಗಳ ಮಾದರಿ. ಎರಡು ಕಡೆ ಎರಡು ಸೈನ್ಯ. ಚದುರಂಗದಂತೆ ಮನೆಗಳಿಲ್ಲ, ಯಾರು ಎಷ್ಟು ದೂರ ನಡೆಯಬಹುದು, ಯಾರ ಗುಂಡು ಎಲ್ಲಿಯವರೆಗೆ ತಲುಪುತ್ತದೆ ಎಂಬುದನ್ನು ಅಳತೆಪಟ್ಟಿ ಹೇಳುತ್ತದೆ, ತಾಗಿತೋ ಇಲ್ಲವೋ ಎಂಬುದನ್ನು ದಾಳ. ಸೈನಿಕನ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರ್, ಅಂದರೆ ನಮ್ಮ ಹೆಬ್ಬೆರಳಿನ ಅರ್ಧಕ್ಕಿಂತ ತುಸು ಹೆಚ್ಚು. 15, 10, 6 ಮಿಲಿಮೀಟರಿನವೂ ಇವೆ. ಒಂದು ಸೈನ್ಯದಲ್ಲಿ ಮೂವತ್ತರಿಂದ ಮುನ್ನೂರರವರೆಗೆ ಬೊಂಬೆಗಳು. ಪ್ರತಿಯೊಂದನ್ನೂ ಆಟಗಾರನೇ ಜೋಡಿಸಬೇಕು, ಬಣ್ಣ ಹಚ್ಚಬೇಕು. ಆಡುವುದು ಒಂದು ಸಂಜೆ, ಕಟ್ಟುವುದು ಒಂದು ವರ್ಷ. ಈ ಅನುಪಾತವನ್ನು ನೋಡಿದರೆ ಹವ್ಯಾಸ ಯಾವುದು, ನೆಪ ಯಾವುದು ಎಂಬುದು ತಾನೇ ತಿಳಿಯುತ್ತದೆ.

ಈ ಆಟದ ವಂಶಾವಳಿ ಹುಡುಕುತ್ತ ಹೋದರೆ ದಾರಿ ನಮ್ಮ ಚತುರಂಗಕ್ಕೇ ಬಂದು ಮುಟ್ಟುತ್ತದೆ. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ಹೆಲ್ವಿಗ್ ಎಂಬವನು ಚದುರಂಗದ ಹಾಸನ್ನು ಹಿಗ್ಗಿಸಿ, ಮನೆಗಳಿಗೆ ಬೆಟ್ಟ, ನದಿ, ಜೌಗುಗಳ ಬಣ್ಣ ಕೊಟ್ಟು ಯುದ್ಧದಾಟ ಮಾಡಿದ. ಪ್ರಷ್ಯಾದ ಫೋನ್ ರೈಸ್ವಿಟ್ಸ್ 1812ರಲ್ಲಿ ಮನೆಗಳನ್ನೇ ಅಳಿಸಿ ನೆಲದ ಮಾದರಿಯನ್ನು ಮೇಜಿನ ಮೇಲೆ ಹರಡಿ ದೊರೆಗೆ ತೋರಿಸಿದ. ಅವನ ಮಗ 1824ರಲ್ಲಿ ಪ್ರಕಟಿಸಿದ ಪರಿಷ್ಕೃತ ನಿಯಮಗಳು ಪ್ರಷ್ಯಾ ಸೇನೆಯ ಅಧಿಕಾರಿಗಳ ತರಬೇತಿಗೆ ಬಳಕೆಯಾದವು. ಅಲ್ಲಿ ಸೈನ್ಯವೆಂದರೆ ಬಣ್ಣದ ತುಂಡುಗಳು ಅಷ್ಟೇ. ಮುಖವಿಲ್ಲ, ಟೋಪಿಯಿಲ್ಲ.

ಮುಖ ಕೊಟ್ಟವರು ಮಕ್ಕಳು ಮತ್ತು ಸಾಹಿತಿಗಳು. 1826ರಲ್ಲಿ ಯಾರ್ಕ್‌ಷೈರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಮಗ ಬ್ರಾನ್‌ವೆಲ್‌ಗೆಂದು ಹನ್ನೆರಡು ಮರದ ಸೈನಿಕರನ್ನು ತಂದುಕೊಟ್ಟ. ಮನೆಯ ನಾಲ್ವರು ಮಕ್ಕಳು ಆ ಸೈನಿಕರಿಗೆ ಹೆಸರಿಟ್ಟು, ದೇಶ ಕಟ್ಟಿಕೊಟ್ಟು, ಇತಿಹಾಸ ಬರೆದರು. ಮುಂದೆ ಆ ಮನೆಯಿಂದ ‘ಜೇನ್ ಐರ್’ ಮತ್ತು ‘ವುದರಿಂಗ್ ಹೈಟ್ಸ್’ ಬಂದವು. 1913ರಲ್ಲಿ ಎಚ್.ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಟ್ಟ ಪುಸ್ತಕ ಬರೆದು ಕೋಣೆಯ ನೆಲದ ಮೇಲಿನ ಯುದ್ಧಕ್ಕೆ ನಿಯಮ ಮಾಡಿಕೊಟ್ಟ. ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಸೀಸವನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುವ ವಿಧಾನ ಕಂಡುಹಿಡಿದದ್ದರಿಂದ ಬೊಂಬೆಗಳು ಅಗ್ಗವಾಗಿದ್ದವು. ಸ್ಪ್ರಿಂಗ್ ಹಾಕಿದ ಆಟಿಕೆ ಫಿರಂಗಿಯಿಂದ ನಿಜವಾಗಿಯೇ ಮರದ ಗುಂಡು ಹಾರಿಸಿ, ಬಿದ್ದವನು ಸತ್ತ ಎಂದು ಲೆಕ್ಕ. ಯುದ್ಧವನ್ನು ದ್ವೇಷಿಸುತ್ತಿದ್ದ ವೆಲ್ಸ್ ಆಡುತ್ತ ಆಡುತ್ತಲೇ ದೊಡ್ಡ ಯುದ್ಧದ ಮೂರ್ಖತನವನ್ನು ಕೊನೆಯ ಅಧ್ಯಾಯದಲ್ಲಿ ಹೇಳಿದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ಚಾಕು ಹಿಡಿದ ತಲೆಮಾರು ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಸೌತಾಂಪ್ಟನ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಕಾಲು ನೀವಿ ಸರಿಪಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ‘ವಾರ್ ಗೇಮ್ಸ್’ ಪುಸ್ತಕ ಬರೆದು ದೊಡ್ಡವರೂ ನಾಚಿಕೆಯಿಲ್ಲದೆ ಸೈನಿಕರ ಬೊಂಬೆ ಆಡಬಹುದು ಎಂದು ತೋರಿಸಿದ. ಅದೇ ಹೊತ್ತಿಗೆ ಏರ್‌ಫಿಕ್ಸ್ ಕಂಪನಿ ಸುಮಾರು ಒಂದಿಂಚು ಎತ್ತರದ ಪ್ಲಾಸ್ಟಿಕ್ ಸೈನಿಕರನ್ನು ಪುಟ್ಟ ಡಬ್ಬಿಗಳಲ್ಲಿ ತುಂಬಿ ಚಿಲ್ಲರೆ ಕಾಸಿಗೆ ಮಾರತೊಡಗಿತ್ತು. 1959ರಲ್ಲಿ ಬಂದ ಮೊದಲ ಡಬ್ಬಿಯಲ್ಲಿದ್ದವರು ವಾದ್ಯ ನುಡಿಸುವ ರಾಜರ ಕಾವಲುಪಡೆ! ಯುದ್ಧಕ್ಕೆ ಅವರಿಂದ ಏನೂ ಉಪಯೋಗವಿಲ್ಲ. ಆಮೇಲೆ ಅಮೆರಿಕದ ಅಂತರ್ಯುದ್ಧದವರು, ಮರುಭೂಮಿಯ ಫ್ರೆಂಚ್ ಫಾರಿನ್ ಲೀಜನ್, ಕೌಬಾಯ್‌ಗಳು, ರಾಬಿನ್‌ಹುಡ್, ರೋಮನ್ನರು ಬಂದರು. ನೆಪೋಲಿಯನ್ ಕಾಲದವರು ಮಾತ್ರ ಬಹಳ ವರ್ಷ ಬರಲಿಲ್ಲ. ಆಟಗಾರರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದೇ ಅವರು.

ಆದ್ದರಿಂದ ಕತ್ತರಿಸಿದರು. ಅಂತರ್ಯುದ್ಧದ ಸಿಪಾಯಿಯ ಟೋಪಿ ಕೆತ್ತಿ ಎತ್ತರದ ಶಾಕೋ ಟೋಪಿ ಇಟ್ಟರು, ಕಾಗದದ ಪಟ್ಟಿಯಿಂದ ಎದೆಯ ಬಿಳಿ ಪಟ್ಟೆ ಮಾಡಿದರು, ಕಾಯಿಸಿದ ಸೂಜಿಯಿಂದ ತೋಳು ಬಗ್ಗಿಸಿದರು. ಆ ಪ್ಲಾಸ್ಟಿಕ್ ಮೃದುವಾದ ಪಾಲಿಥೀನ್. ಅಂಟು ಹಿಡಿಯುವುದಿಲ್ಲ, ಬಣ್ಣ ನಿಲ್ಲುವುದಿಲ್ಲ. ಕತ್ತಿಯ ತುದಿ ಸ್ವಲ್ಪ ಬಾಗಿದರೂ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದುಬರುತ್ತಿತ್ತು. ಸೋಪಿನಲ್ಲಿ ತೊಳೆದು, ಮರಗೆಲಸದ ಬಿಳಿ ಅಂಟನ್ನು ತೆಳುವಾಗಿ ಬಳಿದು ಅದರ ಮೇಲೆ ಬಣ್ಣ ಹಚ್ಚುವ ಉಪಾಯಗಳು ಹುಟ್ಟಿಕೊಂಡವು. ಒಂದು ಇಡೀ ತಲೆಮಾರಿನ ಕೈಚಳಕ ಕೆಟ್ಟ ಪ್ಲಾಸ್ಟಿಕ್ಕಿನ ಜೊತೆಗಿನ ಜಗಳದಲ್ಲಿ ಬೆಳೆಯಿತು. ಟೋನಿ ಬಾತ್ ಎಂಬ ಇನ್ನೊಬ್ಬ ಹಿರಿಯ ಆಟಗಾರ ಒಂದು ಹೆಜ್ಜೆ ಮುಂದೆ ಹೋಗಿ, ಕಥೆಗಾರ ರಾಬರ್ಟ್ ಹೋವರ್ಡ್ ಕಲ್ಪಿಸಿದ ಹೈಬೋರಿಯಾ ಎಂಬ ಖಂಡವನ್ನೇ ನಕ್ಷೆಯಾಗಿ ಇಟ್ಟುಕೊಂಡು, ಅದರ ರಾಜ್ಯಗಳಿಗೆಲ್ಲ ಸೈನ್ಯ, ರಾಜರು, ಒಳಸಂಚುಗಳನ್ನು ಒದಗಿಸಿ ವರ್ಷಗಟ್ಟಲೆ ಯುದ್ಧ ನಡೆಸಿದ. ಇಲ್ಲದ ದೇಶಕ್ಕೆ ಸಮವಸ್ತ್ರದ ನಿಯಮವಿಲ್ಲ. ಹಾಗಾಗಿ ತಪ್ಪು ಹಿಡಿಯುವವರ ಕಾಟವೂ ಇಲ್ಲ.

ಈಗ ಕೆಲಸದ ಮೇಜಿಗೆ ಬರೋಣ. ಇವತ್ತಿನ ಹೆಚ್ಚಿನ ಸೈನಿಕರು ಗಟ್ಟಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವರು. ತಲೆ, ತೋಳು, ಮುಂಡ, ಕಾಲು, ಆಯುಧ ಬೇರೆಬೇರೆಯಾಗಿ ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಆ ಚೌಕಟ್ಟಿಗೆ ಸ್ಪ್ರೂ ಎನ್ನುತ್ತಾರೆ. 1987ರಲ್ಲಿ ಗೇಮ್ಸ್ ವರ್ಕ್‌ಶಾಪ್ ಒಂದೇ ಪೆಟ್ಟಿಗೆಯಲ್ಲಿ ಮೂವತ್ತು ‘ಸ್ಪೇಸ್ ಮರೀನ್’ ಎಂಬ ಅಂತರಿಕ್ಷ ಯೋಧರನ್ನು ಹೀಗೆ ಬಿಡಿಬಿಡಿಯಾಗಿ ಕೊಟ್ಟಾಗ ಬಾಗಿಲು ತೆರೆಯಿತು. ಅದಕ್ಕೆ ಮೊದಲು ಸೀಸದ ಮಿಶ್ರಲೋಹದಲ್ಲಿ ಇಡಿಯಾಗಿ ಎರಕ ಹೊಯ್ದ ಬೊಂಬೆಯ ಕೈ ಬದಲಿಸಬೇಕೆಂದರೆ ಅಕ್ಕಸಾಲಿಗನ ಗರಗಸ ಬೇಕಾಗುತ್ತಿತ್ತು.

ಪಾಲಿಸ್ಟೈರೀನ್‌ಗೆ ಹಾಕುವ ಪ್ಲಾಸ್ಟಿಕ್ ಸಿಮೆಂಟ್ ನಿಜಕ್ಕೂ ಅಂಟಲ್ಲ, ದ್ರಾವಕ. ಎರಡೂ ಮೇಲ್ಮೈಗಳನ್ನು ಸ್ವಲ್ಪ ಕರಗಿಸುತ್ತದೆ, ಕರಗಿದ ಪ್ಲಾಸ್ಟಿಕ್ ಒಂದರೊಳಗೊಂದು ಬೆರೆಯುತ್ತದೆ, ದ್ರಾವಕ ಆವಿಯಾಗುತ್ತದೆ. ಉಳಿಯುವುದು ಬೆಸುಗೆ. ಬಿಡಿಸಿಕೊಂಡು ಬರುವ ಮಾತೇ ಇಲ್ಲ. ಲೋಹದ ಬೊಂಬೆಗೂ ರೆಸಿನ್ (ಕೃತಕ ರಾಳ) ಬೊಂಬೆಗೂ ಇದು ನಡೆಯುವುದಿಲ್ಲ. ಅಲ್ಲಿ ಸೂಪರ್‌ಗ್ಲೂ, ನಮ್ಮ ಫೆವಿಕ್ವಿಕ್ ಜಾತಿಯದು. ಅದು ಕ್ಷಣದಲ್ಲಿ ಹಿಡಿಯುತ್ತದೆ, ಆದರೆ ಪಕ್ಕದಿಂದ ಪೆಟ್ಟು ಬಿದ್ದರೆ ಚಟ್ಟನೆ ಬಿಡುತ್ತದೆ. ಆದ್ದರಿಂದ ಭಾರದ ತುಂಡು ಸೇರಿಸುವಾಗ ಎರಡೂ ಕಡೆ ಒಂದು ಮಿಲಿಮೀಟರಿನ ರಂಧ್ರ ಕೊರೆದು ನಡುವೆ ಹಿತ್ತಾಳೆ ತಂತಿಯ ಮೊಳೆ ಇಡುತ್ತಾರೆ. ಪೇಪರ್ ಕ್ಲಿಪ್ ಕತ್ತರಿಸಿದರೂ ಆಗುತ್ತದೆ. ಬಿರುಕು ಮುಚ್ಚಲು ಸೂಪರ್‌ಗ್ಲೂ ಮೇಲೆ ಅಡುಗೆ ಸೋಡಾ ಉದುರಿಸಿದರೆ ತಕ್ಷಣ ಕಲ್ಲಾಗುತ್ತದೆ. ಸ್ಪ್ರೂವಿನ ಉಳಿಕೆಯನ್ನು ಸಿಮೆಂಟ್ ಬಾಟಲಿಯಲ್ಲಿ ಕರಗಿಸಿಟ್ಟರೆ ಅದೇ ಪ್ಲಾಸ್ಟಿಕ್ಕಿನ ಪೇಸ್ಟ್ ಸಿಗುತ್ತದೆ.

ಇನ್ನು ಎಲ್ಲರೂ ಪೂಜಿಸುವ ಗ್ರೀನ್ ಸ್ಟಫ್ ಎಂಬ ಪುಟ್ಟಿ. ನೀಲಿ, ಹಳದಿ ಎಪಾಕ್ಸಿ ಪಟ್ಟಿಗಳೆರಡನ್ನು ಹಸಿರಾಗುವವರೆಗೆ ನಾದಿದರೆ ಒಂದೂವರೆ ಗಂಟೆಯಷ್ಟು ಕಾಲ ಅದು ಚ್ಯೂಯಿಂಗ್ ಗಮ್ಮಿನಂತೆ ಕೈ ಮಾತು ಕೇಳುತ್ತದೆ, ಮರುದಿನಕ್ಕೆ ಗಟ್ಟಿ ರಬ್ಬರ್. ಹಳದಿ ಹೆಚ್ಚಾದರೆ ಮೆದು, ನೀಲಿ ಹೆಚ್ಚಾದರೆ ಬಿರುಸು. ಪಟ್ಟಿಯಲ್ಲಿ ಎರಡು ಬಣ್ಣ ಪರಸ್ಪರ ತಾಗುವ ನಡುವಿನ ಗೆರೆ ಮೊದಲೇ ಗಟ್ಟಿಯಾಗಿರುತ್ತದೆ. ಅದನ್ನು ಕತ್ತರಿಸಿ ಎಸೆಯದಿದ್ದರೆ ಸೈನಿಕನ ಮೇಲಂಗಿಯ ತುಂಬ ಕಾಳು ಕಾಳು. ಉಪಕರಣಕ್ಕೆ ನೀರೋ ವ್ಯಾಸಲೀನೋ ಸವರದಿದ್ದರೆ ಪುಟ್ಟಿ ಬೊಂಬೆ ಬಿಟ್ಟು ಉಪಕರಣವನ್ನೇ ಅಪ್ಪಿಕೊಳ್ಳುತ್ತದೆ. ಆಯುಧ, ಯಂತ್ರಗಳಂಥ ಚೂಪು ಅಂಚುಗಳಿಗೆ ಗ್ರೀನ್ ಸ್ಟಫ್ ಒಳ್ಳೆಯದಲ್ಲ, ಅದನ್ನು ಉಜ್ಜಲು ಬರುವುದಿಲ್ಲ. ಅಲ್ಲಿಗೆ ವೇಲ್ಸ್‌ನ ಮಿಲಿಪುಟ್ ಎಂಬ ಇನ್ನೊಂದು ಪುಟ್ಟಿ. ಭಾರತದ ಹವ್ಯಾಸಿಗಳು ನಲ್ಲಿ ಸೋರಿಕೆಗೆ ಮೆತ್ತುವ ಎಂ-ಸೀಲ್ ಅನ್ನೇ ಹಿಡಿದುಕೊಂಡದ್ದೂ ಉಂಟು. ಅದು ಬೇಗ ಬಿಗಿಯುತ್ತದೆ, ನುಣುಪು ಕಡಿಮೆ. ಮುಖದ ಭಾವಕ್ಕೆ ಸಾಲದು, ಮರಳುಚೀಲ, ಬಂಡೆ, ಕುದುರೆಯ ಜೀನಿಗೆ ಧಾರಾಳ ಸಾಕು. ಬೆಲೆಯ ವ್ಯತ್ಯಾಸ ನೋಡಿದರೆ ಬಂಡೆಗೆ ಗ್ರೀನ್ ಸ್ಟಫ್ ಬಳಸುವುದು ದುಂದು.

ಸಾಮಗ್ರಿ ಕಲಿಯುವುದು ಸುಲಭ. ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದು ಕಷ್ಟ. ಹೊಸಬರು ಸೇರಿಸುತ್ತ ಹೋಗುತ್ತಾರೆ: ಇನ್ನೊಂದು ಬಂದೂಕು, ಇನ್ನೊಂದು ತಲೆಬುರುಡೆ, ಇನ್ನೊಂದು ಸರಪಳಿ. ಕೊನೆಗೆ ಸೈನಿಕ ಗುಜರಿ ಅಂಗಡಿಯಾಗುತ್ತಾನೆ. ನುರಿತವರು ಕುತ್ತಿಗೆಯನ್ನು ನೋಡುತ್ತಾರೆ. ತಲೆಯನ್ನು ಹತ್ತು ಡಿಗ್ರಿ ತಿರುಗಿಸಿದರೆ ನಡೆಯುತ್ತಿದ್ದವನು ಯಾರನ್ನೋ ಹುಡುಕುವವನಾಗುತ್ತಾನೆ. ಸೊಂಟವನ್ನು ಕೊಯ್ದು ಮುಂಡವನ್ನು ತುಸು ಓರೆ ಮಾಡಿದರೆ ಓಡುವವನು ಮುಗ್ಗರಿಸುತ್ತಾನೆ. ಮಣಿಕಟ್ಟಿನಲ್ಲಿ ಕತ್ತರಿಸಿ ಬಂದೂಕಿನ ಬದಲು ಲಾಂದ್ರ ಕೊಟ್ಟರೆ ಅವನಿಗೆ ರಾತ್ರಿ ಪಾಳಿ ಬರುತ್ತದೆ. ಒಂದು ಕೊಯ್ತ, ಒಂದು ಜೋಡಣೆ. ಅಷ್ಟಕ್ಕೇ ಬೇರೆ ಮನುಷ್ಯ. ನೋಡಿದವರಿಗೆ ಎಲ್ಲಿ ಕೈ ಆಡಿಸಿದ್ದಾರೆಂದು ಗೊತ್ತಾಗದಿದ್ದರೆ ಅದೇ ಒಳ್ಳೆಯ ಕನ್ವರ್ಷನ್ ಎಂದು ನಾನು ತೀರ್ಪು ಕೊಡುತ್ತೇನೆ, ಒಪ್ಪದವರೂ ಬಹಳ ಇದ್ದಾರೆ.

ಒಬ್ಬನನ್ನು ಬದಲಿಸುವುದಕ್ಕೂ ಸೈನ್ಯವನ್ನು ಬದಲಿಸುವುದಕ್ಕೂ ವ್ಯತ್ಯಾಸ ದೊಡ್ಡದು. ದಸರೆಯಲ್ಲಿ ಬೊಂಬೆ ಕೂರಿಸುವವರಿಗೆ ಇದು ಬೇಗ ಅರ್ಥವಾದೀತು. ಒಂದೊಂದು ಬೊಂಬೆಯೂ ಚೆಂದವಿದ್ದ ಮಾತ್ರಕ್ಕೆ ಮೆರವಣಿಗೆಯ ಸಾಲು ಮೆರವಣಿಗೆಯಂತೆ ಕಾಣುವುದಿಲ್ಲ. ನಲವತ್ತು ಜನರನ್ನು ನಲವತ್ತು ರೀತಿ ಕೆತ್ತಿದರೆ ಮೇಜಿನ ಮೇಲೆ ಜಾತ್ರೆ ಕಾಣುತ್ತದೆ, ಸೈನ್ಯ ಕಾಣುವುದಿಲ್ಲ. ಎರಡು ಮೂರು ಗುರುತುಗಳನ್ನು ಆರಿಸಿಕೊಂಡು ಎಲ್ಲರಲ್ಲೂ ಮರುಕಳಿಸುವಂತೆ ಮಾಡಬೇಕು: ಒಂದೇ ಬಗೆಯ ರುಮಾಲು, ಎಡಭುಜಕ್ಕೆ ಸುತ್ತಿದ ಕಂಬಳಿ, ಹಾಗೆ. ಕಷ್ಟದ ಕೆಲಸವನ್ನು ನಾಯಕ, ಧ್ವಜಧಾರಿ, ಮುಂದಿನ ಸಾಲಿನ ನಾಲ್ಕಾರು ಮಂದಿಗೆ ಮೀಸಲಿಟ್ಟು ಹಿಂದಿನ ಸಾಲಿಗೆ ತಲೆ ಬದಲಿಸಿ ಸುಮ್ಮನಾಗಬೇಕು. ಮೂರಡಿ ದೂರದಿಂದ ನೋಡುವ ಎದುರಾಳಿಗೆ ಕಾಣುವುದು ಆಕಾರ ಮತ್ತು ಬಣ್ಣ, ಗುಂಡಿಗಳ ಸಂಖ್ಯೆಯಲ್ಲ. ನಾಲ್ಕು ಕಂಪನಿಗಳ ತುಂಡುಗಳು ಕೂಡಿದ್ದರೂ ಒಂದೇ ಬೂದು ಪ್ರೈಮರ್ (ಮೊದಲ ಲೇಪ) ಹೊಡೆದೊಡನೆ ಎಲ್ಲ ಒಂದೇ ಮೈಯಾಗುತ್ತದೆ. ಮುಚ್ಚದ ಬಿರುಕುಗಳೂ ಆಗಲೇ ಹಲ್ಲು ಕಿರಿಯುತ್ತವೆ.

ಇಷ್ಟೆಲ್ಲ ಯಾಕೆ? ಪೆಟ್ಟಿಗೆಯಲ್ಲಿ ಬರುವ ಬೊಂಬೆಗಳು ಈಗ ಅದ್ಭುತವಾಗಿವೆ, ಬಹುತೇಕರ ಕೈಚಳಕಕ್ಕಿಂತ ಮೇಲು. ಆದರೆ ಅವು ಎಲ್ಲರ ಬಳಿಯೂ ಒಂದೇ. ವಾರ್‌ಹ್ಯಾಮರ್ ಲೋಕಕ್ಕೆ ರೂಪ ಕೊಟ್ಟ ಚಿತ್ರಕಾರರಲ್ಲಿ ಮುಖ್ಯನಾದ ಜಾನ್ ಬ್ಲಾಂಚ್ ‘ವೈಟ್ ಡ್ವಾರ್ಫ್’ನಲ್ಲಿ ‘ಬ್ಲಾಂಚಿಟ್ಸು’ ಎಂಬ ಅಂಕಣದ ಮೂಲಕ ಬೇರೆಯೇ ದಾರಿ ಹಾಕಿದ. ತುಕ್ಕು ಹಿಡಿದ, ಕೊಳಕಾದ, ಅಂದಗೇಡಿ ಬೊಂಬೆಗಳು. ಯಾವುದೂ ಪೆಟ್ಟಿಗೆಯ ಚಿತ್ರದಂತಿಲ್ಲ. 2001ರಲ್ಲಿ ಕಂಪನಿ ‘ಇನ್‌ಕ್ವಿಸಿಟರ್’ ಎಂಬ, 54 ಮಿಲಿಮೀಟರ್ ಬೊಂಬೆಗಳ ಆಟ ತಂದಿತು. ಅದು ಹೆಚ್ಚು ಕಾಲ ಬಾಳಲಿಲ್ಲ. ಆಟಗಾರರು ಅದರ ನಿಯಮ, ಕಥೆಗಳನ್ನು 28 ಮಿಲಿಮೀಟರಿಗೆ ಇಳಿಸಿ, ತಾವೇ ಕೆತ್ತಿದ ಬೇಹುಗಾರರು, ಭ್ರಷ್ಟ ಪಾದ್ರಿಗಳು, ಅಂಗಹೀನ ಗುಮಾಸ್ತರ ಪುಟ್ಟ ತಂಡಗಳನ್ನು ಕಟ್ಟಿ ‘ಇಂಕ್28’ ಎಂಬ ಪಂಥವನ್ನೇ ಬೆಳೆಸಿದರು. ಅಲ್ಲಿ ಗೆಲುವಿನ ಮಾತು ಕಡಿಮೆ. ಈ ಮನುಷ್ಯ ಯಾರು, ಅವನ ಕಾಲು ಯಾಕೆ ಕುಂಟು ಎಂಬ ಚರ್ಚೆ ಹೆಚ್ಚು.

ಕಂಪನಿ ಮುಂದೆ ಮಾಡುವುದನ್ನು ಚಾಕು ಹಿಡಿದವರು ಮೊದಲೇ ಮಾಡಿಟ್ಟ ಉದಾಹರಣೆಗಳಿವೆ. ಸ್ಪೇಸ್ ಮರೀನ್ ಎಂದರೆ ಏಳಡಿ ಮೀರಿದ ಅತಿಮಾನವ ಎಂದು ಪುಸ್ತಕಗಳು ಹೇಳುತ್ತಿದ್ದವು. ಬೊಂಬೆ ನೋಡಿದರೆ ಪಕ್ಕದ ಸಾಮಾನ್ಯ ಸಿಪಾಯಿಯಷ್ಟೇ ಎತ್ತರ. ಇದನ್ನು ಸಹಿಸದವರು ತೊಡೆ ಕೊಯ್ದು, ನಡುವೆ ಪ್ಲಾಸ್ಟಿಕ್ ಬಿಲ್ಲೆ ಇಟ್ಟು, ಹೊಟ್ಟೆಯನ್ನು ಗ್ರೀನ್ ಸ್ಟಫ್‌ನಿಂದ ಎಳೆದು ಉದ್ದ ಮಾಡಿ ‘ಟ್ರೂ ಸ್ಕೇಲ್’ ಮರೀನ್‌ಗಳನ್ನು ಕಟ್ಟಿದರು. ಒಬ್ಬೊಬ್ಬನಿಗೂ ಒಂದು ಸಂಜೆ ಹಿಡಿಯುವ ಹುಚ್ಚು ಕೆಲಸ ಅದು. 2017ರಲ್ಲಿ ಕಂಪನಿಯೇ ‘ಪ್ರೈಮಾರಿಸ್’ ಎಂಬ ಹೆಸರಿನಲ್ಲಿ ಎತ್ತರದ ಮರೀನ್‌ಗಳನ್ನು ತಂದಿತು. ಸ್ಕ್ವಾಟ್ ಎಂಬ ಕುಳ್ಳರ ಪಡೆಯದು ಇನ್ನೊಂದು ಕಥೆ. 1990ರ ದಶಕದಲ್ಲಿ ಕಂಪನಿ ಅವರನ್ನು ಆಟದಿಂದಲೇ ತೆಗೆದುಹಾಕಿತು. ಹಟಮಾರಿ ಆಟಗಾರರು ಬೇರೆ ಆಟಗಳ ಕುಬ್ಜರಿಗೆ ಅಂತರಿಕ್ಷದ ಬಂದೂಕು ಕೊಟ್ಟು ಆ ಜನಾಂಗವನ್ನು ಉಳಿಸಿಕೊಂಡರು. 2022ರಲ್ಲಿ ಅವರು ‘ಲೀಗ್ಸ್ ಆಫ್ ವೋಟನ್’ ಎಂಬ ಹೊಸ ಹೆಸರು ಹೊತ್ತು ಪೆಟ್ಟಿಗೆಗೆ ಮರಳಿದರು. ಓರ್ಕ್ ಎಂಬ ಹಸಿರು ರಾಕ್ಷಸರ ಸೈನ್ಯವಂತೂ ಕನ್ವರ್ಷನ್‌ಗೆಂದೇ ಹುಟ್ಟಿದ್ದು: ಕದ್ದ ಟ್ಯಾಂಕಿಗೆ ತಗಡು ಹೊಡೆದು ಹಲ್ಲಿನ ಚಿತ್ರ ಬರೆಯುವುದು ಆ ಜನಾಂಗದ ಸಂಸ್ಕೃತಿಯೆಂದೇ ಆಟ ಹೇಳುತ್ತದೆ. ಹೊಂದದ ತುಂಡುಗಳೇ ಅಲ್ಲಿ ಹೊಂದುತ್ತವೆ.

ಈ ಸ್ವಾತಂತ್ರ್ಯಕ್ಕೆ ಒಂದು ನ್ಯಾಯಾಲಯದ ತಿರುವಿದೆ. ಅಮೆರಿಕದ ಚಾಪ್ಟರ್‌ಹೌಸ್ ಸ್ಟುಡಿಯೋಸ್ ಎಂಬ ಸಣ್ಣ ಸಂಸ್ಥೆ ಗೇಮ್ಸ್ ವರ್ಕ್‌ಶಾಪ್ ಬೊಂಬೆಗಳಿಗೆ ಹೊಂದುವ ಭುಜಕವಚ, ತಲೆ ಮುಂತಾದ ಬಿಡಿಭಾಗಗಳನ್ನು ಮಾರುತ್ತಿತ್ತು. ಕಂಪನಿ 2010ರಲ್ಲಿ ಮೊಕದ್ದಮೆ ಹೂಡಿತು. 2013ರಲ್ಲಿ ಷಿಕಾಗೋದ ಜ್ಯೂರಿ ಕೆಲವು ಆರೋಪಗಳನ್ನು ಎತ್ತಿಹಿಡಿದು ಕೆಲವನ್ನು ತಳ್ಳಿಹಾಕಿತು. ಯಾವ ಕಡೆಗೂ ಪೂರ್ಣ ಗೆಲುವಲ್ಲ. ಅದರ ನೆರಳು ಆಟದ ಮೇಲೆ ಬಿತ್ತು. ಬೊಂಬೆಯೇ ಇಲ್ಲದ ಪಾತ್ರಕ್ಕೆ ನಿಯಮ ಬರೆದರೆ ಆ ಜಾಗವನ್ನು ಬೇರೆಯವರು ತುಂಬುತ್ತಾರೆ ಎಂಬ ಲೆಕ್ಕದಿಂದ, ಕಂಪನಿ ಮಾರದ ಬೊಂಬೆಗಳ ನಿಯಮಗಳು ಪುಸ್ತಕದಿಂದ ಒಂದೊಂದಾಗಿ ಮಾಯವಾದವು. ಕುದುರೆಯ ಮೇಲಿನ ನಾಯಕ ಬೇಕೇ? ಅಂಗಡಿಯಲ್ಲಿ ಕುದುರೆಯ ಮೇಲಿನ ನಾಯಕ ಇದ್ದರೆ ಮಾತ್ರ. ಬೇಕಾದವರು ಮಾಡಿಕೊಳ್ಳಲಿ ಎಂದಿದ್ದ ಮನೆಯಲ್ಲಿ ಮಾಡಿಕೊಂಡದ್ದಕ್ಕೆ ಆಟದಲ್ಲಿ ಜಾಗವಿಲ್ಲದಂತಾಯಿತು. ವ್ಯಾಪಾರದ ದೃಷ್ಟಿಯಿಂದ ಇದು ಅರ್ಥವಾಗುವಂಥದ್ದೇ. ಆದರೆ ಆಟದ ಮಟ್ಟಿಗೆ ನಷ್ಟ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಆಮೇಲೆ 3ಡಿ ಮುದ್ರಣ ಬಂತು. ನೇರಳಾತೀತ ಬೆಳಕಿನಿಂದ ದ್ರವ ರೆಸಿನ್ ಅನ್ನು ಪದರ ಪದರವಾಗಿ ಗಟ್ಟಿ ಮಾಡುವ ಯಂತ್ರಗಳು 2018ರ ಸುಮಾರಿಗೆ ಸಾಮಾನ್ಯ ಹವ್ಯಾಸಿಯ ಕೈಗೆಟುಕಿದವು. ಈಗ ಕಂಪ್ಯೂಟರಿನ ಪರದೆಯಲ್ಲೇ ತಲೆ ಬದಲಿಸಿ ರಾತ್ರಿ ಮುದ್ರಣಕ್ಕೆ ಹಾಕಿ ಬೆಳಿಗ್ಗೆ ತೆಗೆಯಬಹುದು. ಕಂಪನಿಯ ಸ್ವಂತ ಅಂಗಡಿ, ಪಂದ್ಯಗಳಲ್ಲಿ ಮುದ್ರಿತ ಬೊಂಬೆಗೆ ಪ್ರವೇಶವಿಲ್ಲ. ಮನೆಯ ಮೇಜಿನ ಮೇಲೆ ಯಾರೂ ಕೇಳುವವರಿಲ್ಲ. ಚಾಕುವಿನ ಕಾಲ ಮುಗಿಯಿತೆಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮುದ್ರಿಸಿದವರೂ ಅದರ ತೋಳನ್ನು ಕೊಯ್ದು ಇನ್ನೊಂದಕ್ಕೆ ಜೋಡಿಸುವುದನ್ನು ಬಿಟ್ಟಿಲ್ಲ. ಮುದ್ರಣದಿಂದ ನಿಜವಾದ ಲಾಭವಾದದ್ದು ಬೇರೆಯವರಿಗೆ: ದೊಡ್ಡ ಕಂಪನಿಗಳು ಕಣ್ಣೆತ್ತಿ ನೋಡದ ಯುದ್ಧಗಳನ್ನು ಆಡುವವರಿಗೆ.

ಅಂಥ ಯುದ್ಧಗಳಲ್ಲಿ ನಮ್ಮ ಬಾಗಿಲಲ್ಲೇ ನಡೆದ ಮೈಸೂರು ಯುದ್ಧಗಳೂ ಸೇರಿವೆ. ನೆಪೋಲಿಯನ್ನನ ವಾಟರ್ಲೂ ಕದನ ಆಡುವವನಿಗೆ ಬೇಕಾದ ಬಹುತೇಕ ರೆಜಿಮೆಂಟುಗಳಿಗೆ ಪ್ಲಾಸ್ಟಿಕ್ ಪೆಟ್ಟಿಗೆಯಿದೆ. ನಾಟಿಂಗ್‌ಹ್ಯಾಮಿನ ಅವಳಿ ಶಿಲ್ಪಿಗಳಾದ ಮೈಕೇಲ್ ಮತ್ತು ಆಲನ್ ಪೆರಿ ಒಂದು ಜೀವಮಾನವನ್ನೇ ಇಂಥ ಐತಿಹಾಸಿಕ ಬೊಂಬೆಗಳಿಗೆ ಕೊಟ್ಟವರು. ಯುದ್ಧದ ಮರುನಟನೆಯೊಂದರಲ್ಲಿ ಫಿರಂಗಿ ಅಪಘಾತದಿಂದ ಬಲಗೈ ಕಳೆದುಕೊಂಡ ಮೈಕೇಲ್ ಎಡಗೈಯಲ್ಲಿ ಕೆತ್ತುವುದನ್ನು ಕಲಿತು ಕೆಲಸ ಮುಂದುವರಿಸಿದರು. ಆದರೆ ವಾಟರ್ಲೂಗೆ ಇರುವ ಈ ವೈಭವ ಮೈಸೂರು ಯುದ್ಧಗಳಿಗಿಲ್ಲ. ಹೈದರ್, ಟಿಪ್ಪುವಿನ ಪಡೆಯನ್ನು ಸರಿಯಾಗಿ ಕಟ್ಟಬೇಕೆಂದರೆ ಇವತ್ತಿಗೂ ಚಾಕು, ಪುಟ್ಟಿ ಬೇಕು.

ಆಕರಗಳಿಗೆ ಕೊರತೆಯಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ: ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷ್ ಕರ್ನಲ್ ಬೇಲಿ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ. ಅದನ್ನು ಮುಂದೆ ಬೇರೆಯವರು ಮತ್ತೆ ಬಳಿದಿದ್ದಾರೆ, ಆದ್ದರಿಂದ ಪ್ರತಿ ಗುಂಡಿಯನ್ನೂ ನಂಬುವಂತಿಲ್ಲ. ಗುಂಪು ಗುಂಪಾಗಿ ಸೈನ್ಯ ನಿಲ್ಲುವ ಲಯವನ್ನು ಮಾತ್ರ ಕದಿಯಬಹುದು. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ರಾಕೆಟ್ಟನ್ನೇ ಧ್ವಜದ ಕಂಬದಂತೆ ಹಿಡಿದು ನಿಂತ ಮೈಸೂರು ಸೈನಿಕನನ್ನು ಬರೆದಿದ್ದಾನೆ. ಟಿಪ್ಪುವಿನ ಪದಾತಿಗಳ ನೇರಳೆ ಅಂಗಿಯ ಮೇಲೆ ಹುಲಿಪಟ್ಟೆಯ ‘ಬಬ್ರಿ’ ಗುರುತುಗಳಿದ್ದವು. ಅದನ್ನು ಕೆತ್ತುವ ಗೋಜಿಲ್ಲ, ಸಣ್ಣ ಕುಂಚದಿಂದ ಬಿಳಿ ಚುಕ್ಕೆ ಎಳೆದರೆ ಸಾಕು. ಸೈನ್ಯಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕೇ?

ರಾಕೆಟ್ಟಿಗೆ ಸ್ವಲ್ಪ ಲೆಕ್ಕ ಮಾಡೋಣ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಬಳಿ ಪಾಳುಬಾವಿಯೊಂದರಲ್ಲಿ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಉದ್ದ ಸುಮಾರು 25 ಸೆಂಟಿಮೀಟರ್. 28 ಮಿಲಿಮೀಟರ್ ಬೊಂಬೆಯ ಅಳತೆ ಸುಮಾರು 1:56. ಹಾಗಾದರೆ ಮೇಜಿನ ಮೇಲೆ ರಾಕೆಟ್ಟಿನ ಕೊಳವೆ ನಾಲ್ಕೂವರೆ ಮಿಲಿಮೀಟರ್ ಉದ್ದ ಇರಬೇಕು: ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕಡ್ಡಿಯ ತುಣುಕು. ಕೊಳವೆಗೆ ಕಟ್ಟುವ ಬಿದಿರು ಎರಡು ಮೀಟರ್ ಎಂದಿಟ್ಟುಕೊಂಡರೂ 36 ಮಿಲಿಮೀಟರ್. ತೆಂಗಿನ ಪೊರಕೆಯ ಕಡ್ಡಿಯ ತುದಿಯನ್ನು ಕೆರೆದು ತೆಳ್ಳಗೆ ಮಾಡಿದರೆ ಅದಕ್ಕೆ ಸರಿಹೋಗುತ್ತದೆ. ಅಳತೆಗೆ ಕಟ್ಟುನಿಟ್ಟಾಗಿ ಅಂಟಿಕೊಂಡರೆ ಆಯುಧ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಬೊಂಬೆ ಶಿಲ್ಪಿಗಳು ತಲೆ, ಕೈ, ಆಯುಧಗಳನ್ನು ಬೇಕೆಂದೇ ತುಸು ದಪ್ಪಗೆ ಕೆತ್ತುತ್ತಾರೆ. ನಾವೂ ಕೊಳವೆಯನ್ನು ಒಂದೂವರೆ ಪಟ್ಟು ಮಾಡಿದರೆ ಇತಿಹಾಸಕಾರರು ಕ್ಷಮಿಸಬೇಕು. ಮೈಗೆ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿ ಬೊಂಬೆಯೋ ಅದೇ ಕಾಲದ ತುರ್ಕಿ ಪದಾತಿಯೋ ನಡೆಯುತ್ತದೆ. ಟೋಪಿ ಕೆತ್ತಿ ತೆಗೆದು, ಪುಟ್ಟಿಯನ್ನು ದಾರದಂತೆ ಹೊಸೆದು ತಲೆಗೆ ಸುತ್ತಿ, ಅರ್ಧ ಗಟ್ಟಿಯಾದಾಗ ಚಾಕುವಿನ ಬೆನ್ನಿನಿಂದ ಮಡಿಕೆ ಒತ್ತಿದರೆ ರುಮಾಲು.

ಶುರು ಮಾಡಬೇಕೆನ್ನುವವರು ಮೊದಲಿಗೇ ದುಬಾರಿ ಪೆಟ್ಟಿಗೆಗೆ ಕೈ ಹಾಕಬೇಡಿ. 1:72 ಅಳತೆಯ ಅಗ್ಗದ ಸೈನಿಕರ ಡಬ್ಬಿ, ಚೂಪಾದ ಹಾಬಿ ಚಾಕು, ಒಂದು ಎಂ-ಸೀಲ್, ಪೇಪರ್ ಕ್ಲಿಪ್ಪುಗಳು ಸಾಕು. ಬ್ಲೇಡನ್ನು ಮೈಯಿಂದ ಆಚೆಗೆ ಸರಿಸುತ್ತ ಕತ್ತರಿಸಿ. ಮೊಂಡಾದ ಬ್ಲೇಡ್ ಚೂಪಾದದ್ದಕ್ಕಿಂತ ಅಪಾಯ, ಜಾರಿ ಬೆರಳಿಗೆ ಬರುತ್ತದೆ. ಹಸಿ ಎಪಾಕ್ಸಿ ಮತ್ತು ದ್ರವ ರೆಸಿನ್ ಮುಟ್ಟುವಾಗ ಗವಸು, ರೆಸಿನ್ ಉಜ್ಜುವಾಗ ಮುಖಗವಸು ಇರಲಿ. ಡಬ್ಬಿಯಲ್ಲಿ ಕನಿಷ್ಠ ಹತ್ತು ಮಂದಿಯ ತಲೆ ಅದಲುಬದಲು ಮಾಡದೆ ಎರಡನೆಯ ಡಬ್ಬಿ ಕೊಳ್ಳಬೇಡಿ.